ಮನೆಯ ಅಂಚೆಗೆ ಮುಚ್ಚಿದ ಬಾಗಿಲು



ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ದೂರದ ಊರುಗಳಲ್ಲಿದ್ದು, ಇ-ಮೇಲಿನ ಮೂಲಕ ಹೆತ್ತವರಿಗೆ ಕ್ಷೇಮಸಮಾಚಾರವನ್ನು ತಿಳಿಸುತ್ತಾರಷ್ಟೆ. ಆ ಓಲೆಗಳು ಯಾವ ದಾರಿಯಿಂದ ಬರುತ್ತವೆ, ಯಾರ ಬಾಗಿಲನ್ನು ದಾಟಬೇಕು ಎಂಬುದನ್ನು ನಾವು ವಿಚಾರಿಸುವುದು ಅಪರೂಪ. ಈ ಪಾಠದಲ್ಲಿ ಅದನ್ನು ವಿಚಾರಿಸೋಣ.

ಇ-ಮೇಲನ್ನು ಸಾಗಿಸುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅದನ್ನು ಓಲೆಗಳ ಅಂಚೆಮನೆ ಎನ್ನಬಹುದು. ಒಂದು ಸರ್ವರು ಮತ್ತೊಂದಕ್ಕೆ ಓಲೆಯನ್ನು ಒಪ್ಪಿಸತಕ್ಕ ಕ್ರಮವನ್ನು ಅಮೇರಿಕದ ಜೋನಾಥನ್ ಪೋಸ್ಟೆಲ್ ಎಂಬ ವಿದ್ವಾಂಸರು ೧೯೮೨ರಲ್ಲಿ ಬರೆದು ಪ್ರಕಟಿಸಿದರು. ಆ ಕ್ರಮದಲ್ಲಿ ದೊಡ್ಡ ಕಂಪೆನಿಯ ಅಂಚೆಮನೆಗೂ ಗೃಹಸ್ಥನೊಬ್ಬನು ಮನೆಯ ಮೂಲೆಯಲ್ಲಿಟ್ಟ ಸಣ್ಣ ಯಂತ್ರಕ್ಕೂ ಭೇದವಿಲ್ಲ. ಸ್ವಂತ ಸರ್ವರನ್ನು ಇಟ್ಟುಕೊಂಡವರ ಓಲೆಗಳು ಅವರ ಮನೆಯಲ್ಲಿಯೇ ಇರುತ್ತವೆ. ಪರರ ಉಗ್ರಾಣದಲ್ಲಿ ಇಡಬೇಕಾಗುವುದಿಲ್ಲ. ಇದು ಸಣ್ಣ ಸ್ವಾತಂತ್ರ್ಯವಲ್ಲ.

ಆದರೆ ಆ ಕ್ರಮದಲ್ಲಿ ಒಂದು ಕೊರತೆ ಇತ್ತು. ಓಲೆ ಕಳುಹಿಸಿದವನು ತಾನು ಹೇಳಿಕೊಂಡವನೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಅದಲ್ಲದೆ, ಕಾಗದದ ಅಂಚೆಯಲ್ಲಿ ಕಳುಹಿಸುವವನು ಸ್ಟಾಂಪಿನ ಹಣವನ್ನು ತೆರುತ್ತಾನೆ. ಇಲ್ಲಿಯಾದರೋ ಹತ್ತು ಓಲೆಗೂ ಹತ್ತು ಲಕ್ಷ ಓಲೆಗೂ ವೆಚ್ಚದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆ ಕ್ರಮಕ್ಕೂ ಮುಂಚೆಯೇ, ೧೯೭೮ನೆಯ ಮೇ ತಿಂಗಳಲ್ಲಿ, ಕಂಪ್ಯೂಟರ್ ಮಾರುವವರೊಬ್ಬರು ಸುಮಾರು ೪೦೦ ಮಂದಿಗೆ ಕೇಳದ ಜಾಹೀರಾತನ್ನು ಒಮ್ಮೆಗೇ ಕಳುಹಿಸಿದ್ದರು. ಇಂಥ ಬೇಡದ ಓಲೆಗಳಿಗೆ ಮುಂದೆ ಸ್ಪ್ಯಾಮ್ ಎಂಬ ಹೆಸರಾಯಿತು. ಕಾಲಾಂತರದಲ್ಲಿ ವಂಚಕರು ಗೃಹಸ್ಥರ ಕಂಪ್ಯೂಟರುಗಳೊಳಗೆ ದುಷ್ಟ ಪ್ರೋಗ್ರಾಮುಗಳನ್ನು ಹೊಗಿಸಿ, ಯಜಮಾನರಿಗೆ ತಿಳಿಯದಂತೆ ಅವುಗಳಿಂದಲೇ ಸ್ಪ್ಯಾಮನ್ನು ಕಳುಹಿಸತೊಡಗಿದರು.

ಹೀಗಿರಲಾಗಿ, ಓಲೆ ಸ್ವೀಕರಿಸುವ ಕಂಪೆನಿಗಳು ಕಾವಲನ್ನು ಬಿಗಿಮಾಡಿದವು. ೧೯೯೮ರಲ್ಲಿ ಸ್ಥಾಪಿತವಾದ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯು ನಂಬತಕ್ಕದ್ದಲ್ಲದ ವಿಳಾಸಗಳ ಪಟ್ಟಿಗಳನ್ನು ಪ್ರಕಟಿಸುತ್ತದೆ. ಅವುಗಳಲ್ಲಿ ಒಂದರಲ್ಲಿ ಮನೆಗಳಿಗೆ ಕೊಟ್ಟ ಇಂಟರ್‌ನೆಟ್ ವಿಳಾಸಗಳು, ಸ್ಪ್ಯಾಮ್ ಕಳುಹಿಸಿರಲಿ ಬಿಡಲಿ, ಸಾಲುಸಾಲಾಗಿ ಸೇರಿರುತ್ತವೆ. ಇಂಟರ್‌ನೆಟ್ ಒದಗಿಸುವ ಎಷ್ಟೋ ಕಂಪೆನಿಗಳು ಸರ್ವರುಗಳು ಓಲೆ ಒಪ್ಪಿಸುವ ೨೫ನೆಯ ಪೋರ್ಟ್ ಎಂಬ ದ್ವಾರವನ್ನೇ ಮನೆಗಳಿಗೆ ಮುಚ್ಚಿರುತ್ತವೆ. ಮನೆಯ ವಿಳಾಸವು ಆಗಾಗ ಬದಲಾಗುವುದೂ ಉಂಟು. ನಿನ್ನೆ ಅಪರಾಧಿಯ ಯಂತ್ರಕ್ಕಿದ್ದ ವಿಳಾಸವೇ ಇಂದು ನಿರಪರಾಧಿಗೆ ಬರಬಹುದು.

ಈ ಕಾವಲು ಅನಾವಶ್ಯಕವೆಂದು ನಾವು ಹೇಳಲಾರೆವು. ಅದಿಲ್ಲದಿದ್ದರೆ ಮಗಳ ಓಲೆಯು ವಂಚಕರ ಓಲೆಗಳ ರಾಶಿಯಲ್ಲಿ ಹೂತುಹೋದೀತು. ಆದರೂ ಕೇರಿಯನ್ನು ನೋಡಿ ಮನುಷ್ಯನನ್ನು ತೀರ್ಮಾನಿಸುವುದು ನ್ಯಾಯವೇ? ಒಬ್ಬ ಮಗಳು ಮನೆಯ ಸರ್ವರಿನಿಂದ ತಾಯಿಗೆ ಬರೆದಳೆಂದು ಭಾವಿಸೋಣ. ಓಲೆಯು ಹಿಂದಿರುಗಿ ಬಂದರೆ ಅವಳಿಗೆ ಸಂಗತಿ ತಿಳಿದೀತು. ಸದ್ದಿಲ್ಲದೆ ಸ್ಪ್ಯಾಮಿನ ಪೆಟ್ಟಿಗೆಗೆ ಬಿದ್ದರೆ, ತಾಯಿ ಮಗಳು ಮರೆತಳೆಂದೂ, ಮಗಳು ತಾಯಿ ಮುನಿದಳೆಂದೂ ತಿಳಿದುಕೊಂಡಾರು.

ಓಲೆಯ ಸಾಚಾತನವನ್ನು ಪರೀಕ್ಷಿಸಲು ಈಗ ಬೇರೆ ಸಾಧನಗಳುಂಟು. ಎಸ್‌ಪಿಎಫ್ ಎಂಬುದು ಒಂದು ಹೆಸರಿನ ಪರವಾಗಿ ಯಾವ ಸರ್ವರುಗಳು ಓಲೆ ಕಳುಹಿಸಬಹುದೆಂದು ಸಾರುತ್ತದೆ. ಡಿಕಿಮ್ ಎಂಬುದು ಓಲೆಗೆ ಮುದ್ರೆಯೊತ್ತುತ್ತದೆ. ೨೦೨೪ನೆಯ ಫೆಬ್ರವರಿಯಿಂದ ಜಿಮೇಲಿಗೆ ಕಳುಹಿಸುವವರೆಲ್ಲರಿಗೂ ಇವುಗಳಲ್ಲಿ ಒಂದಾದರೂ ಬೇಕು; ದಿನಕ್ಕೆ ೫,೦೦೦ಕ್ಕೆ ಮೇಲ್ಪಟ್ಟು ಕಳುಹಿಸುವವರಿಗೆ ಎರಡೂ ಬೇಕು. ಆದರೆ ಮುದ್ರೆ ಸರಿಯಾಗಿದ್ದರೂ ಮನೆಯ ವಿಳಾಸವೆಂಬ ಕಾರಣದಿಂದಲೇ ಬಾಗಿಲು ತೆರೆಯದಿರಬಹುದು. ಆದಕಾರಣ ಅನೇಕರು ಹೋಗುವ ಓಲೆಯನ್ನು ಮಾತ್ರ ಹೆಸರುಳ್ಳ ಇನ್ನೊಂದು ಸರ್ವರಿನ ಕೈಯಲ್ಲಿ ಕಳುಹಿಸಿ, ಬಂದ ಓಲೆಗಳನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೆ.

ಈ ಪಾಠದಿಂದ ನಾವು ಕಲಿಯತಕ್ಕದ್ದೇನು? ಕಾವಲುಗಾರನು ನಡತೆಯನ್ನು ನೋಡಿ ತೀರ್ಮಾನಿಸಲಿ, ಬೀದಿಯನ್ನು ನೋಡಿ ಅಲ್ಲ ಎಂದು ಕೇಳುವ ಹಕ್ಕು ನಮಗುಂಟು. ಅದರೊಂದಿಗೆ ನಮ್ಮ ಮನೆಯ ಕಂಪ್ಯೂಟರನ್ನು ಶುದ್ಧವಾಗಿಡುವ ಹೊಣೆಯೂ ಉಂಟು; ಯಾಕೆಂದರೆ ಒಂದು ಮನೆಯ ಅಜಾಗ್ರತೆಗಾಗಿಯೇ ಇಡೀ ಬೀದಿಗೆ ಬಾಗಿಲು ಮುಚ್ಚಿತು. ಇನ್ನು ಹೆತ್ತವರಿಗೆ ಒಂದು ಮಾತು: ಮಗಳ ಓಲೆ ಬರಲಿಲ್ಲವೆಂದು ಕೊರಗುವ ಮೊದಲು ಸ್ಪ್ಯಾಮಿನ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿರಿ.