ನೀಲಿ ಕಣ್ಣು, ಕಂದು ಕಣ್ಣು

ರೂಪ ನೋಡಿ ಅಳೆಯುವ ಅಭ್ಯಾಸ ಎಳೆಯರ ನಡುವೆ ಹೇಗೆ ಹಿಂಸೆಯಾಗುತ್ತದೆ ಎಂದು ತಿಳಿಯಬೇಕೆನ್ನುವ ನಿಮಗೆ ಯಾವ ಪೂರ್ವಸಿದ್ಧತೆಯೂ ಬೇಡ. ಮೊದಲು ನಿಮ್ಮನ್ನು ಒಂದು ತರಗತಿಗೆ ಕರೆದೊಯ್ಯುತ್ತೇನೆ.

ಅಮೆರಿಕದ ಅಯೋವಾ ರಾಜ್ಯದಲ್ಲಿ ರೈಸ್‌ವಿಲ್ ಎಂಬ ಸಣ್ಣ ಊರಿದೆ. 1968ರ ಏಪ್ರಿಲ್ 4ರಂದು ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ, ಅಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದ ಜೇನ್ ಎಲಿಯಟ್ ಅವರಿಗೆ ಒಂದು ಚಿಂತೆ ಹತ್ತಿತು. ಮಕ್ಕಳೆಲ್ಲ ಬಿಳಿಯರು, ಮೈಬಣ್ಣಕ್ಕಾಗಿ ಅವಮಾನ ಪಡುವುದೆಂದರೇನು ಎಂದು ಅವರಿಗೆ ತಿಳಿಸುವುದು ಹೇಗೆ? ಮರುದಿನ ಅವರು ಕಣ್ಣಿನ ಬಣ್ಣ ನೋಡಿ ಮಕ್ಕಳನ್ನು ಎರಡು ಗುಂಪು ಮಾಡಿದರು. ಮುಂದೆಯೂ ಈ ಪ್ರಯೋಗ ನಡೆಯಿತು. 1970ರಲ್ಲಿ ಅದನ್ನು ಚಿತ್ರೀಕರಿಸಿದ್ದರಿಂದ ನಾವು ಹತ್ತಿರದಿಂದ ನೋಡಬಹುದು.

ಆ ಚಿತ್ರದಲ್ಲಿ, ಮೊದಲ ದಿನ ನೀಲಿ ಕಣ್ಣಿನವರೇ ಮೇಲು ಎಂದರು ಟೀಚರ್. ಅವರಿಗೆ ಆಟಕ್ಕೆ 5 ನಿಮಿಷ ಹೆಚ್ಚು. ಕಂದು ಕಣ್ಣಿನವರ ಕೊರಳಿಗೆ, ದೂರದಿಂದಲೇ ಗುರುತು ಸಿಗಲೆಂದು, ಬಟ್ಟೆಯ ಪಟ್ಟಿ. ನೀರು ಕುಡಿಯಲು ಕಾಗದದ ಲೋಟ. ಆಟದ ಬಿಡುವಿನಲ್ಲಿ ಕಂದು ಕಣ್ಣೆಂಬುದೇ ಬೈಗುಳವಾಯಿತು. ಹಾಗೆ ಕರೆಸಿಕೊಂಡ ಹುಡುಗ ಕರೆದವನಿಗೆ ಹೊಡೆದ. ಮರುದಿನ ಟೀಚರ್ ಮೇಲುಕೀಳನ್ನು ತಿರುಗಿಸಿದರು. ಪಟ್ಟಿ ತೊಟ್ಟಿದ್ದಾಗ ಅಕ್ಷರದ ಕಾರ್ಡುಗಳನ್ನು ಓದಲು 5.5 ನಿಮಿಷ ತೆಗೆದುಕೊಂಡಿದ್ದ ಮಕ್ಕಳೇ, ಅದು ಕಳಚಿದ ದಿನ 2.5 ನಿಮಿಷದಲ್ಲಿ ಮುಗಿಸಿಬಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಯೋಗಕ್ಕೆ ಮೊದಲೂ ಆ ಕಣ್ಣುಗಳ ಬಣ್ಣ ಅದೇ ಆಗಿತ್ತು. ಹೊಸದಾಗಿ ಸೇರಿದ್ದು, ಆ ಬಣ್ಣಕ್ಕೆ ದೊಡ್ಡವರೊಬ್ಬರು ಕಟ್ಟಿದ ಬೆಲೆ. ವ್ಯತ್ಯಾಸ ಕಾಣುವುದು ತಪ್ಪಲ್ಲ, ಯಾವ ಮಗುವಾದರೂ ಕಾಣುತ್ತದೆ. ಅದಕ್ಕೆ ಮೇಲುಕೀಳು ಅಂಟಿಕೊಂಡಾಗ ಮಾತ್ರ ಚುಚ್ಚಲು ಅಪ್ಪಣೆ ಸಿಕ್ಕಂತಾಗುತ್ತದೆ. (ಮಕ್ಕಳನ್ನು ನಿಜವಾಗಿಯೇ ನೋಯಿಸುವ ಈ ಪ್ರಯೋಗವನ್ನು ನೀವು ದಯವಿಟ್ಟು ಮಾಡಬೇಡಿ, ನೋಡಿ ಕಲಿತರೆ ಸಾಕು.)

ಈಗ ಒಂದು ಪಾರಿಭಾಷಿಕ ಪದ. ಬುಲ್ಲಿಯಿಂಗ್ ಎನ್ನುವುದನ್ನು ನಾವು ಪೀಡನೆ ಎನ್ನೋಣ. ನಾರ್ವೆಯಲ್ಲಿ ಇದರ ಅಧ್ಯಯನಕ್ಕೆ ತಳಪಾಯ ಹಾಕಿದ ಡ್ಯಾನ್ ಓಲ್ವೇಯುಸ್ ಮೂರು ಲಕ್ಷಣಗಳನ್ನು ಗುರುತಿಸಿದರು: ನೋಯಿಸುವ ಉದ್ದೇಶವಿರಬೇಕು, ಮತ್ತೆ ಮತ್ತೆ ನಡೆಯಬೇಕು, ಇಬ್ಬರ ಬಲದಲ್ಲಿ ಅಂತರವಿರಬೇಕು. ಸಮಬಲದ ಗೆಳೆಯರ ಒಂದು ದಿನದ ಜಗಳ ಪೀಡನೆಯಲ್ಲ. ರೂಪದ ಗೇಲಿಯಲ್ಲಿ ಈ ಮೂರನೆಯದು ಸುಲಭವಾಗಿ ಒದಗುತ್ತದೆ. ಹೋಂವರ್ಕ್ ಮಾಡದವನು ನಾಳೆ ಮಾಡಿಯಾನು. ಕುಳ್ಳನೆಂದು ಕರೆಸಿಕೊಂಡವನು ಬೆಳಗಾಗುವುದರೊಳಗೆ ಎತ್ತರವಾಗಲಾರ. ನಗುವವರೆಲ್ಲ ಒಂದು ಕಡೆ, ಅವನೊಬ್ಬ ಇನ್ನೊಂದು ಕಡೆ.

ಕರಿಯ, ಡುಮ್ಮಿ, ಸೋಡಾಬುಡ್ಡಿ: ನಮ್ಮ ಶಾಲೆಗಳ ಈ ಹೆಸರುಗಳು ನಿಮಗೂ ಗೊತ್ತು. ಇವುಗಳ ಹಿಂದಿನ ಬೆಲೆ ಕಟ್ಟಿದವರು ಮಕ್ಕಳಲ್ಲ. ಫೇರ್ ಅಂಡ್ ಲವ್ಲಿ ಕ್ರೀಮು 1975ರಲ್ಲಿ ಮಾರುಕಟ್ಟೆಗೆ ಬಂತು. ಅದರ ಹೆಸರಿನಿಂದ ಫೇರ್ ಹೋದದ್ದು 2020ರಲ್ಲಿ. ಅಷ್ಟರಲ್ಲಿ, ಬೆಳ್ಳಗಾದರೆ ಕೆಲಸವೂ ಗಂಡೂ ಸಿಗುತ್ತವೆ ಎಂಬ ಜಾಹೀರಾತು ನೋಡುತ್ತಲೇ ಮಕ್ಕಳು ಬೆಳೆದು ತಾವೇ ತಂದೆತಾಯಿಗಳಾಗಿದ್ದರು. ತೊಟ್ಟಿಲ ಬಳಿ ನೆಂಟರು “ಮಗು ಕೆಂಪಗಿದೆ, ಅಕ್ಕನ ಹಾಗಲ್ಲ” ಎಂದಾಗ ಆ ಅಕ್ಕನೂ ಕೇಳಿಸಿಕೊಳ್ಳುತ್ತಾಳೆ.

ಆದ್ದರಿಂದ ನಿಮ್ಮ ಮೊದಲ ಅಭ್ಯಾಸ ಮನೆಯಲ್ಲೇ ನಡೆಯಲಿ. ಒಂದು ವಾರ, ದೊಡ್ಡವರು ಯಾರದೇ ಮೈಬಣ್ಣ, ದಪ್ಪ, ಎತ್ತರ, ಹಲ್ಲು, ಕೂದಲಿನ ಬಗ್ಗೆ ಆಡಿದ ಮಾತನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಮಕ್ಕಳು ಆಡುವಲ್ಲಿ ಹೋಗಿ ಕುಳಿತು, ಗೇಲಿಯ ಪದಗಳನ್ನು ಆ ಪಟ್ಟಿಯೊಂದಿಗೆ ಹೋಲಿಸಿ.