ನಡುಕವೋ, ಕಾಯಿ ತುರಿಯುವುದೋ?

ಸುಬ್ರಹ್ಮಣ್ಯದ ಆಚೆ ಒಬ್ಬರು ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಲೆವೊಡೋಪ ಮಾತ್ರೆ ನುಂಗಿ, ಬಸ್ಸು ಹತ್ತಿ, ಮಂಗಳೂರಿನ ನರರೋಗ ತಜ್ಞರ ಎದುರು ಕೂತಾಗ ಕೈ ಸುಮ್ಮನಿರುತ್ತದೆ. ಮಾತ್ರೆಯ ಬಲ ಇಳಿದ ಮೇಲೆ ಮನೆಯ ಚಾವಡಿಯಲ್ಲಿ ಆಗುವ ಪಾಡು ಡಾಕ್ಟ್ರಿಗೆ ಕಾಣುವುದೇ ಇಲ್ಲ. ಮಾತ್ರೆಯ ಹೊತ್ತು ಸರಿಪಡಿಸಲು ಬೇಕಾದದ್ದು ಅದೇ! (ನಮ್ಮ ಗುಡ್ಡದ ನಸುಗುನ್ನಿ ಬೀಜದಲ್ಲೂ ಲೆವೊಡೋಪ ಇದೆ. ಹಾಗಂತ ಪುಡಿಮಾಡಿ ಕೊಡಲು ಹೋಗಬೇಡಿ, ಪ್ರಮಾಣ ತಪ್ಪುತ್ತದೆ.)

ಇಲ್ಲಿ ಮಣಿಕಟ್ಟಿನ ವಾಚು ಕೆಲಸಕ್ಕೆ ಬರುತ್ತದೆ. ಪಾರ್ಕಿನ್ಸನ್ನಿನ ನಡುಕ ಕೈ ವಿಶ್ರಾಂತಿಯಲ್ಲಿದ್ದಾಗ ಜಾಸ್ತಿ, ಸೆಕೆಂಡಿಗೆ ಸುಮಾರು 4ರಿಂದ 6 ಸಲ. ಆಕ್ಸೆಲೆರೋಮೀಟರ್, ಗೈರೋಸ್ಕೋಪ್ ಎರಡನ್ನೂ 50 ಹರ್ಟ್ಜ್‌ನಲ್ಲಿ ಓದಿದರೆ ಧಾರಾಳ ಸಾಕು. 4 ಸೆಕೆಂಡಿನ ತುಂಡು ಎಂದರೆ 200 ಸ್ಯಾಂಪಲ್; ಎಫ್ಎಫ್‌ಟಿ ಮಾಡಿದರೆ 0.25 ಹರ್ಟ್ಜ್ ಅಂತರದಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ಇಷ್ಟೇನಾ ಅಂದರೆ ಅಲ್ಲ. ಹೆರೆಮಣೆಯಲ್ಲಿ ಕಾಯಿ ತುರಿಯುವ ಕೈ ಸೆಕೆಂಡಿಗೆ 2 ಸಲ ಆಡಿತು ಅನ್ನಿ. ಅದರ ಹಾರ್ಮೋನಿಕ್‌ಗಳು 4ಕ್ಕೂ 6ಕ್ಕೂ ಬಂದು ಕೂರುತ್ತವೆ, ನಡುಕದ ಜಾಗಕ್ಕೇ! ಅಡಿಕೆ ಸುಲಿಯುವಾಗಲೂ, ಹೊಂಡದ ರಸ್ತೆಯಲ್ಲಿ ಜೀಪು ಕುಣಿಯುವಾಗಲೂ ಇದೇ ತಕರಾರು. ನಗರದವರ ಡೇಟಾದಲ್ಲಿ ಕಲಿತ ಮಾಡೆಲ್ ಅಡಿಕೆ ಸುಲಿಯುವುದನ್ನು ನೋಡಿಯೇ ಇರುವುದಿಲ್ಲ. ಅದು ತಪ್ಪಾಗಿ 'ನಡುಕ ಹೆಚ್ಚಿದೆ' ಎಂದು ವರದಿ ಕೊಟ್ಟರೆ, ಅದನ್ನು ನಂಬಿ ಮಾತ್ರೆ ಹೆಚ್ಚಿಸುವ ಅಪಾಯ ಉಂಟು. ಹಾಗಾಗಿ ಮೊದಲು ಕೈ ಕೆಲಸದಲ್ಲಿದೆಯೋ ವಿಶ್ರಾಂತಿಯಲ್ಲಿದೆಯೋ ಎಂದು ಗುರುತಿಸುವ ಒಂದು ಕ್ಲಾಸಿಫೈಯರ್, ಆಮೇಲೆ ನಡುಕ ಅಳೆಯುವ ಇನ್ನೊಂದು, ಹೀಗೆ ಎರಡು ಹಂತ ಮಾಡುವುದು ವಾಸಿ.

ಪ್ರಾಜೆಕ್ಟ್‌ಗಳಲ್ಲಿ ನಾವೆಲ್ಲ ಎಡವುವುದು ಬೇರೆ ಕಡೆ. ಒಬ್ಬರದೇ ಡೇಟಾದ ತುಂಡುಗಳು ಟ್ರೈನಿಂಗ್‌ನಲ್ಲೂ ಟೆಸ್ಟ್‌ನಲ್ಲೂ ಬೆರೆತರೆ ಮಾಡೆಲ್ ಕಲಿಯುವುದು ಕಾಯಿಲೆಯನ್ನಲ್ಲ, ಆ ಮನುಷ್ಯನನ್ನು. ಅಕ್ಯುರಸಿ ನೋಡಿ ಖುಷಿಪಡುತ್ತೇವೆ, ಅಷ್ಟೇ. ಆದ್ದರಿಂದ ವ್ಯಕ್ತಿವಾರು ಬೇರೆ ಮಾಡಿ.

ನಿಧಾನಗತಿಯ ಲಕ್ಷಣ ನಡುಕಕ್ಕಿಂತ ಕಷ್ಟ. ಕೈ ಏಳದೆ ಕೂತದ್ದಕ್ಕೂ ಊಟ ಆಗಿ ಆರಾಮ ಕೂತದ್ದಕ್ಕೂ ಸೆನ್ಸರ್‌ನಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಅಲ್ಲಿ ಮನೆಯವರು ಬರೆದಿಟ್ಟ ಮಾತ್ರೆಯ ಹೊತ್ತು, ಕೆಲಸದ ಹೊತ್ತೇ ಆಧಾರ.

ನೆಟ್‌ವರ್ಕ್‌ ಸಿಗದ ಕಡೆಗೂ ಒಂದು ಲೆಕ್ಕ: 6 ಅಕ್ಷ, 50 ಹರ್ಟ್ಜ್, ಪ್ರತಿ ಅಳತೆಗೆ 2 ಬೈಟ್ ಆದರೆ ದಿನಕ್ಕೆ ಸುಮಾರು 52 ಎಂಬಿ. ಎಲ್ಲವನ್ನೂ ಕಳಿಸಬೇಕಿಲ್ಲ; ವಾಚಿನಲ್ಲೇ ಲೆಕ್ಕ ಮಾಡಿ ಗಂಟೆಗೊಂದು ಅಂಕಿ ಕಳಿಸಿದರಾಯಿತು.

ರಜೆಯಲ್ಲಿ ಸುಳ್ಯ, ಕಡಬದ ಕಡೆ ಮನೆಗೆ ಹೋದವರು ಮಣಿಕಟ್ಟಿಗೆ ಫೋನ್ ಕಟ್ಟಿಕೊಂಡು ಒಂದು ಕಾಯಿ ತುರಿದು, ಗ್ರಾಫ್ ತನ್ನಿ. ಪುತ್ತೂರಿನವರಿಗೂ ರಿಯಾಯಿತಿ ಇಲ್ಲ.