ಹೊಸ ಕಂಪ್ಯೂಟರ್ ಆನ್ ಆಗದಿದ್ದರೆ ಮೊದಲು ಏನು ನೋಡಬೇಕು?



ಉಳಿತಾಯ, ಸಾಲ, ಬಡ್ಡಿ ಎಂದು ಕೈಯಲ್ಲೇ ಪುಸ್ತಕ ಬರೆದು ಅಭ್ಯಾಸವಾದ ನಮಗೂ ಈಗ ಕಂಪ್ಯೂಟರ್ ಬೇಕಾಗಿದೆ. ನಾವು ಭೇಟಿ ಕೊಡುವ ಒಂದು ಒಕ್ಕೂಟದವರು ಖರ್ಚು ಕಡಿಮೆಯಾಗಲಿ ಎಂದು ಬಿಡಿಭಾಗಗಳನ್ನು ತರಿಸಿ ಜೋಡಿಸಿದರು. ಜೋಡಿಸಿದವಳು ಸದಸ್ಯೆಯೊಬ್ಬರ ಮಗಳು, ಡಿಪ್ಲೊಮಾ ಓದುತ್ತಿದ್ದ ಹುಡುಗಿ. ಬಟನ್ ಒತ್ತಿದಾಗ ಫ್ಯಾನ್ ತಿರುಗಿತು, ಆದರೆ ಪರದೆಯಲ್ಲಿ ಏನೂ ಬರಲಿಲ್ಲ.

"ಓದಿದವಳು ಅಂತ ನಂಬಿ ಕೊಟ್ರೆ ಹೀಗಾಯ್ತಲ್ಲ ಸಿಸ್ಟರ್, ಸಂಘದ ದುಡ್ಡು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು" ಎಂದರು ಒಬ್ಬ ಅಕ್ಕ. ರಿಪೇರಿಯವರು ಬಂದು ಐದು ನಿಮಿಷ ನೋಡಿ, "ಮದರ್‌ಬೋರ್ಡ್ ಸುಟ್ಟಿದೆ, ಹೊಸದು ಹಾಕ್ಬೇಕು" ಎಂದುಬಿಟ್ಟರು. ಹುಡುಗಿ ಅಡುಗೆಮನೆಗೆ ಹೋಗಿ ಅಳುತ್ತಾ ಕುಳಿತಳು. ನಿಜ ಹೇಳಬೇಕೆಂದರೆ, ನಾವೂ ಆಗ ರಿಪೇರಿಯವರ ಮಾತನ್ನೇ ಅರ್ಧ ನಂಬಿದ್ದೆವು. ಆದರೂ ಒಂದು ದಿನ ಸಮಯ ಕೇಳಿದೆವು. ಮರುದಿನ ಹುಡುಗಿಯನ್ನೇ ಕೂರಿಸಿಕೊಂಡು, ಮದರ್‌ಬೋರ್ಡ್ ಜೊತೆ ಬಂದ ಪುಸ್ತಕ ತೆರೆದು ಒಂದೊಂದೇ ವಯರ್ ನೋಡುತ್ತಾ ಹೋದೆವು. ಪ್ರೊಸೆಸರ್‌ಗೆ ಕರೆಂಟ್ ಕೊಡುವ 8 ಪಿನ್ನಿನ ವಯರ್ ಹಾಕಿಯೇ ಇರಲಿಲ್ಲ! ಹಾಕಿದ ಮೇಲೆ ಪರದೆ ಬೆಳಗಿತು. ಖರ್ಚು ಒಂದು ರೂಪಾಯಿಯೂ ಇಲ್ಲ.

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗದಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥವಲ್ಲ. ಎಷ್ಟೋ ಸಲ ಯಾವುದೋ ಒಂದು ಭಾಗ ಸರಿಯಾಗಿ ಕೂತಿರುವುದಿಲ್ಲ. ಹಾಗಾಗಿ ಈ ಕ್ರಮದಲ್ಲಿ ನೋಡೋಣ.

ಮೊದಲು ಎಚ್ಚರಿಕೆ

ಕ್ಯಾಬಿನೆಟ್ ತೆರೆಯುವ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಕೈ ಒಣಗಿರಲಿ. ಒಳಗಿನ ಭಾಗ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ; ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರಬಹುದು.

1. ಏನೂ ಆಗುವುದಿಲ್ಲ: ಲೈಟ್ ಇಲ್ಲ, ಫ್ಯಾನ್ ಇಲ್ಲ

ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯೇ ನೋಡಿ. ಯುಪಿಎಸ್ ಇದ್ದರೆ ಅದು ಆನ್ ಆಗಿರಬೇಕು. ಕ್ಯಾಬಿನೆಟ್ಟಿನ ಹಿಂದೆ ಎಸ್‌ಎಂಪಿಎಸ್‌ನಲ್ಲೇ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದರಲ್ಲಿ ಗೆರೆಯ ಗುರುತಿನ ಕಡೆ ಒತ್ತಿದರೆ ಆನ್, ಸೊನ್ನೆಯ ಕಡೆ ಒತ್ತಿದರೆ ಆಫ್. ಕೆಲವು ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಇನ್ನೊಂದು ಸ್ವಿಚ್ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು, ಇಲ್ಲವಾದರೆ ಸುಟ್ಟುಹೋಗುತ್ತದೆ.

ಆಮೇಲೆ ಒಳಗೆ ನೋಡಿ. ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ನಿನ ದೊಡ್ಡ ವಯರ್ ಪೂರ್ತಿ ಒಳಗೆ ಹೋಗಿ ಅದರ ಕೊಕ್ಕೆ ಕಚ್ಚಿಕೊಂಡಿರಬೇಕು. ಮುಂದಿನ ಬಟನ್ನಿನಿಂದ ಬರುವ ಸಣ್ಣ ವಯರ್ ಬೇರೆ ಪಿನ್ನಿಗೆ ಹಾಕಿರುವ ತಪ್ಪೂ ಆಗಾಗ ಆಗುತ್ತದೆ. ಯಾವ ಪಿನ್ ಎಂದು ಮದರ್‌ಬೋರ್ಡ್ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಪವರ್ ಬಟನ್ನೇ ಕೆಟ್ಟಿದೆ ಎಂಬ ಸಂಶಯವಿದ್ದರೆ, ರೀಸೆಟ್ ಬಟನ್ನಿನ ವಯರನ್ನು ಪವರ್ ಪಿನ್ನಿಗೆ ಹಾಕಿ ರೀಸೆಟ್ ಬಟನ್ ಒತ್ತಿ ನೋಡಿ. ಎರಡರ ಕೆಲಸ ಒಂದೇ ರೀತಿಯದು.

2. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮಾನಿಟರ್‌ಗೆ ಬೇರೆ ಪ್ಲಗ್, ಬೇರೆ ಬಟನ್ ಇದೆ ಎಂಬುದು ನೆನಪಿರಲಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ವಯರನ್ನು ಆ ಕಾರ್ಡಿಗೇ ಹಾಕಬೇಕು. ಕಾರ್ಡ್ ಇಲ್ಲದಿದ್ದರೆ ಪ್ರೊಸೆಸರ್‌ನಲ್ಲೇ ಚಿತ್ರ ಕೊಡುವ ಶಕ್ತಿ ಇರಬೇಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ 'ಎಫ್' ಅಕ್ಷರ ಇದ್ದರೆ ಆ ಶಕ್ತಿ ಅದರಲ್ಲಿಲ್ಲ. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿಕೊಳ್ಳಿ.

ಪ್ರೊಸೆಸರ್‌ನ 4 ಅಥವಾ 8 ಪಿನ್ನಿನ ವಯರ್ ನೋಡಿ. ನಮ್ಮ ಸಹೋದರಿಯರ ಕಥೆಯಲ್ಲಿ ತಪ್ಪಿದ್ದು ಇದೇ. ಇದಿಲ್ಲದೆಯೂ ಫ್ಯಾನ್ ತಿರುಗಬಹುದು, ಅದಕ್ಕೇ ಎಲ್ಲರೂ ಮೋಸಹೋಗುತ್ತಾರೆ.

ಮುಂದೆ ರ‍್ಯಾಮ್. ಪ್ಲಗ್ ತೆಗೆದು, ರ‍್ಯಾಮ್ ಹೊರಗೆ ತೆಗೆದು, ಕಚ್ಚು ಹೊಂದಿಸಿ 'ಟಕ್' ಎಂದು ಶಬ್ದ ಬರುವವರೆಗೆ ಸಮನಾಗಿ ಒತ್ತಿ. ಎರಡಿದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಡಿಡಿಆರ್5 ರ‍್ಯಾಮ್ ಇದ್ದರೆ ಮೊದಲ ಸಲ ಪರದೆ ಬರಲು ಕೆಲವು ನಿಮಿಷ ಬೇಕಾಗಬಹುದು. ಅವಸರಪಟ್ಟು ಆಫ್ ಮಾಡಬೇಡಿ.

ಹಲವು ಮದರ್‌ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಸಣ್ಣ ದೀಪಗಳಿರುತ್ತವೆ. ಯಾವುದು ಆರದೆ ಉಳಿಯುತ್ತದೋ ತೊಂದರೆ ಆ ಕಡೆ ಇದೆ ಎಂದು ತಿಳಿಯಿರಿ.

ಮದರ್‌ಬೋರ್ಡ್ ತುಂಬಾ ಹಳೆಯ ಸ್ಟಾಕ್, ಪ್ರೊಸೆಸರ್ ತೀರಾ ಹೊಸದು ಆಗಿದ್ದರೆ ಬಯೋಸ್ ಅಪ್‌ಡೇಟ್ ಮಾಡದೆ ಎರಡೂ ಹೊಂದುವುದಿಲ್ಲ. ಇದನ್ನು ಅಂಗಡಿಯವರೇ ಮಾಡಿಕೊಡಲಿ.

3. ಆನ್ ಆಗಿ ಕೂಡಲೇ ಆಫ್ ಆಗುತ್ತದೆ

ಪ್ರೊಸೆಸರ್ ಮೇಲಿನ ಕೂಲರ್ ಗಟ್ಟಿಯಾಗಿ ಕೂತಿದೆಯೇ, ಅದರ ಫ್ಯಾನ್ ತಿರುಗುತ್ತಿದೆಯೇ ನೋಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆತವರೂ ಇದ್ದಾರೆ. ಬಿಸಿ ಹೆಚ್ಚಾದರೆ ಕಂಪ್ಯೂಟರ್ ತಾನೇ ಆಫ್ ಆಗುತ್ತದೆ. ಮದರ್‌ಬೋರ್ಡ್ ಕೆಳಗೆ ಬೇಡವಾದ ಕಡೆ ಹಿತ್ತಾಳೆ ಸ್ಕ್ರೂ ಅಥವಾ ಬಿದ್ದ ಸ್ಕ್ರೂ ಇದ್ದರೂ ಶಾರ್ಟ್ ಆಗುತ್ತದೆ.

4. ಅಕ್ಷರ ಬಂದು ನಿಂತುಬಿಡುತ್ತದೆ

ಬೂಟ್ ಡಿವೈಸ್ ಇಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದರೆ ಹೆದರಬೇಡಿ. ಕಂಪ್ಯೂಟರ್ ಆನ್ ಆಗಿದೆ. ಅದರಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಇನ್ನೂ ಹಾಕಿಲ್ಲ, ಇಲ್ಲವೇ ಡಿಸ್ಕ್ ಸರಿಯಾಗಿ ಕೂತಿಲ್ಲ, ಅಷ್ಟೇ.

ಇಷ್ಟಾದರೂ ಸರಿಹೋಗದಿದ್ದರೆ

ಬೇಡವಾದದ್ದನ್ನೆಲ್ಲ ತೆಗೆಯಿರಿ. ಮದರ್‌ಬೋರ್ಡ್, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟೇ ಇರಲಿ. ಪ್ರೊಸೆಸರ್‌ನಲ್ಲಿ ಚಿತ್ರ ಕೊಡುವ ಶಕ್ತಿ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡೂ ಇರಲಿ. ಆನ್ ಆದರೆ ಉಳಿದದ್ದನ್ನು ಒಂದೊಂದಾಗಿ ಸೇರಿಸಿ. ಯಾವುದನ್ನು ಸೇರಿಸಿದಾಗ ನಿಲ್ಲುತ್ತದೋ ದೋಷ ಅಲ್ಲಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಿ.

ನಿಜವಾಗಿ ಒಂದು ಭಾಗ ಕೆಟ್ಟಿದ್ದರೆ ಬಿಲ್ಲು, ಡಬ್ಬಿ, ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ. ಬಿಲ್ಲು ಕೇಳಿ ಪಡೆಯುವುದು ನಮ್ಮ ಹಕ್ಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನ್ಯಾಯದ ವ್ಯಾಪಾರ ಪದ್ಧತಿ. ಅಂಗಡಿಯವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ರಿಪೇರಿಯವರು "ಸುಟ್ಟಿದೆ" ಎಂದರೆ "ಹೇಗೆ ಗೊತ್ತಾಯ್ತು, ತೋರಿಸಿ" ಎಂದು ಕೇಳಲು ಹಿಂಜರಿಯಬೇಡಿ.

ಆ ಒಕ್ಕೂಟದ ಮುಂದಿನ ಸಭೆಯಲ್ಲಿ ಹುಡುಗಿಯನ್ನು ದೂರಿದ್ದ ಅಕ್ಕನೇ ಎದ್ದು, "ನೋಡದೆ ಮಾತಾಡಿದ್ದು ನನ್ನ ತಪ್ಪು ಮಗಾ" ಎಂದರು. ಈಗ ಅವರಿಗೆ ಲೆಕ್ಕ ಟೈಪ್ ಮಾಡಲು ಕಲಿಸುತ್ತಿರುವವಳು ಅದೇ ಹುಡುಗಿ. ಸಾಲದ ಲೆಕ್ಕ ತಪ್ಪಿದಾಗಲೂ ನಾವು ಮೊದಲು ಪುಸ್ತಕ ನೋಡುತ್ತೇವೆಯೋ, ಇಲ್ಲಾ ಮೊದಲು ಮನುಷ್ಯರನ್ನು ದೂರುತ್ತೇವೆಯೋ?

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ವಸ್ತುಗಳ ಬಿಲ್ಲು, ವಾರಂಟಿ ಕಾರ್ಡ್ ಎಲ್ಲಿವೆ? ಯಾರ ಜವಾಬ್ದಾರಿ?
2. ತಿಳಿಯದ ವಿಷಯದಲ್ಲಿ ಹಣ ಕೊಡುವ ಮೊದಲು ನಾವು ಎಷ್ಟು ಜನರನ್ನು ಕೇಳುತ್ತೇವೆ?
3. ನೋಡದೆ ಯಾರನ್ನಾದರೂ ದೂರಿದ ಸಂದರ್ಭ ನಮ್ಮ ಸಂಘದಲ್ಲಿ ಇದೆಯೇ? ಅದನ್ನು ಹೇಗೆ ಸರಿಪಡಿಸಿದೆವು?